ಹಾಥೋರಳ ಕೋಣೆ ಗುಡಿಸಲು ತೈಪಿಂಗಿಗೆ

ಶನಿವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಕ್ಲಾಂಗಿನ ನಮ್ಮ ಮನೆಯಿಂದ ಕಾರು ಹೊರಗೆ ತೆಗೆದೆ. 2021ರ ಅಕ್ಟೋಬರ್ ತಿಂಗಳು. ಎರಡು ಡೋಸು ಹಾಕಿಸಿಕೊಂಡವರು ಪೊಲೀಸರ ಪತ್ರವಿಲ್ಲದೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಬಹುದು ಎಂದು ಸರ್ಕಾರ ಹೇಳಿದ ಮೇಲೆ ಬಂದ ಮೊದಲ ಶನಿವಾರ. ಒಂಬತ್ತು ತಿಂಗಳಿಂದ ಗೂಡಿನಲ್ಲಿದ್ದ ಮಲೇಷಿಯಾ ಅಷ್ಟೂ ಆ ದಿನ ಹೆದ್ದಾರಿಗೆ ಬೀಳುತ್ತದೆಂದು ನನಗೆ ಗೊತ್ತಿತ್ತು. ಅದಕ್ಕೇ ಆ ಹೊತ್ತಿಗೆ ಹೊರಟದ್ದು.

ನಾನು ಹದಿನೆಂಟು ವರ್ಷದಿಂದ ಕ್ಲಾಂಗ್ ಬಂದರಿನಲ್ಲಿ ಸರಕಿನ ಕಾಗದಪತ್ರ ನೋಡುವ ಕೆಲಸದಲ್ಲಿದ್ದೇನೆ. ಕಂಟೇನರುಗಳನ್ನು ಊರೂರಿಗೆ ಕಳಿಸುವವಳೇ ಹೊರತು ನಾನಾಗಿ ಪ್ರವಾಸ ಹೋಗುವವಳಲ್ಲ. ಹೋದರೂ ಕಂಟೇನರು ಹೋದ ಹಾಗೆಯೇ ಹೋಗುತ್ತೇನೆ: ಎಷ್ಟಕ್ಕೆ ಹೊರಡುವುದು, ಎಲ್ಲಿ ನಿಲ್ಲುವುದು, ಅಲ್ಲಿ ಯಾರು ಇಳಿಸಿಕೊಳ್ಳುವುದು, ಎಲ್ಲ ಮೊದಲೇ ನಿಗದಿ. ಹಿಂದಿನ ಸಂಜೆ ನಾನು ಇಪ್ಪತ್ತು ಫೋನು ಮಾಡಿದ್ದನ್ನು ಕೇಳಿಸಿಕೊಂಡ ಮಗಳು, ಕನ್ನಡ ಪೂರ್ತಿ ಅರ್ಥವಾಗುತ್ತಿದ್ದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, "ಅಮ್ಮಾ, ಡೋಂಟ್ ಬಿ ಸೋ ಬಾಸೀ ಲಾ" ಅಂದಿದ್ದಳು. "ಬಾಸೀ ಆಗದಿದ್ರ ಈ ಮನಿ ನಡೀತಿದ್ದಿಲ್ಲವಾ" ಎಂದು ನಾನು ಅವಳ ಬಾಯಿ ಮುಚ್ಚಿಸಿದ್ದೆ. ಆ ಮಾತು ದಾರಿಯಲ್ಲಿ ನನ್ನ ಗಂಟಲಿಗೇ ಸಿಕ್ಕಿಕೊಳ್ಳುತ್ತದೆಂದು ಆಗ ಅನ್ನಿಸಿರಲಿಲ್ಲ.

ಕೌಲಾಲಂಪುರದ ಮಾಂಟ್ ಕಿಯಾರಾ ಬಡಾವಣೆ ತಲುಪಿದಾಗ ಆರೂಮುಕ್ಕಾಲು. ಲೀನಾ ತನ್ನ ಅಪಾರ್ಟ್‌ಮೆಂಟಿನ ಗೇಟಿನ ಹತ್ತಿರ ನಿಂತಿದ್ದಳು. ಕಪ್ಪು ಪ್ಯಾಂಟು, ಕಪ್ಪು ಬೂಟು, ಎರಡು ಮಾಸ್ಕು, ಕೈಯಲ್ಲೊಂದು ಬಟ್ಟೆಯ ಚೀಲ. ಅವಳು ಮಂಗಳೂರಿನವಳು, ಮಾಂಟ್ ಕಿಯಾರಾದ ಒಂದು ಇಂಟರ್‌ನ್ಯಾಷನಲ್ ಶಾಲೆಯ ಲೈಬ್ರರಿ ನೋಡಿಕೊಳ್ಳುತ್ತಾಳೆ. ನಮ್ಮಿಬ್ಬರದು ಹನ್ನೆರಡು ವರ್ಷದ ಗೆಳೆತನ.

"ಎಂತ ಸುಮಕ್ಕ, ಏಳಕ್ಕೆ ಅಂತ ಹೇಳಿ ಕಾಲು ಗಂಟೆ ಮೊದ್ಲೇ ಬಂದ್ರಾ?" ಅಂದಳು.

"ನೀ ಆಗಲೇ ಕೆಳಗ ಬಂದು ನಿಂತೀಯಲ್ಲ?" ಅಂದೆ. ಅವಳು ನಕ್ಕಳೋ ಇಲ್ಲವೋ, ಮಾಸ್ಕಿನಲ್ಲಿ ತಿಳಿಯಲಿಲ್ಲ.

ನಾವು ಹೊರಟಿದ್ದದ್ದು ತೈಪಿಂಗಿಗೆ, ಕೌಲಾಲಂಪುರದಿಂದ ಉತ್ತರಕ್ಕೆ ಇನ್ನೂರೆಂಬತ್ತು ಕಿಲೋಮೀಟರು. ಲೀನಾಳ ಗಂಡ ವಿಲ್ಲಿ ಅಲ್ಲಿಯ ಒಂದು ಕಾಲೇಜಿನಲ್ಲಿ ಹಲ್ಲಿನ ಡಾಕ್ಟರಿಕೆ ಕಲಿಸುತ್ತಿದ್ದರು. ಅಲ್ಲೇ ಒಂದು ಹಳೆಯ ಮನೆ ಬಾಡಿಗೆಗೆ ಹಿಡಿದಿದ್ದರು, ಶುಕ್ರವಾರ ರೈಲು ಹತ್ತಿ ಹೆಂಡತಿಯ ಬಳಿ ಬರುತ್ತಿದ್ದರು. ಜನವರಿಯಲ್ಲಿ ರಾಜ್ಯಗಳ ಗಡಿ ಮುಚ್ಚಿತು. ಜೂನ್‌ನಲ್ಲಿ ಅವರಿಗೆ ಜ್ವರ ಬಂತು. ಒಂಬತ್ತನೆಯ ದಿನ ಅಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದೇ ವಾರ ಲೀನಾಳಿಗೂ ರೋಗ ಅಂಟಿ ಮಾಂಟ್ ಕಿಯಾರಾದ ಮನೆಯೊಳಗೆ ಒಬ್ಬಳೇ ಕ್ವಾರಂಟೈನಿನಲ್ಲಿದ್ದಳು. ಮಕ್ಕಳಿಲ್ಲ. ಹೂಳುವುದನ್ನು ಸಹೋದ್ಯೋಗಿಯೊಬ್ಬರು ದೂರದಿಂದ ಫೋನಿನಲ್ಲಿ ತೋರಿಸಿದರು. ನಾಲ್ಕು ತಿಂಗಳಿಂದ ಆ ಮನೆ ಮುಚ್ಚಿಯೇ ಇತ್ತು. ಸೋಮವಾರ ಹೊಸ ಬಾಡಿಗೆದಾರರು ಬರುವವರಿದ್ದರು, ಅಷ್ಟರೊಳಗೆ ಮನೆ ಖಾಲಿ ಮಾಡಿ ಕೀಲಿಕೈ ಕೊಡಬೇಕಿತ್ತು.

ಊಹಿಸಿದಂತೆಯೇ ಹೆದ್ದಾರಿ ತುಂಬಿತ್ತು. ಕಾರುಗಳ ಹಿಂದಿನ ಗಾಜಿಗೆ ತಲೆದಿಂಬು, ಮಕ್ಕಳ ಗೊಂಬೆ, ಅಜ್ಜಿಗೆಂದು ಒಯ್ಯುವ ಬಿಸ್ಕತ್ತಿನ ಡಬ್ಬ ಒತ್ತಿಕೊಂಡಿದ್ದವು. ಎಲ್ಲರೂ ಯಾರನ್ನೋ ನೋಡಲು ಹೊರಟವರೇ. ಲೀನಾ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ನಾನು ರೇಡಿಯೋ ಹಾಕಿ ಮತ್ತೆ ಆರಿಸಿದೆ.

ತಾಪಾದ ವಿಶ್ರಾಂತಿ ನಿಲ್ದಾಣಕ್ಕೆ ಬಂದಾಗ ಎಂಟೂವರೆ. ಫೋನಿನಲ್ಲಿ ಸ್ಕ್ಯಾನ್ ಮಾಡಿ, ಲಸಿಕೆಯ ಸರ್ಟಿಫಿಕೇಟು ತೋರಿಸಿ ಒಳಗೆ ಹೋದೆವು. ನಾಲ್ಕು ಜನರ ಮೇಜಿಗೆ ಇಬ್ಬರೇ ಕೂರಬೇಕು, ಉಳಿದ ಕುರ್ಚಿಗಳಿಗೆ ಕೆಂಪು ಟೇಪು ಸುತ್ತಿದ್ದರು. ನಾನು ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ, ನಾಸಿ ಲೆಮಾಕ್ ತಗೊಂಡೆ, ಅದರ ಜೊತೆಯ ಸಾಂಬಾಲ್ ನಮ್ಮೂರ ಕೆಂಪು ಚಟ್ನಿಯಷ್ಟು ಖಾರ ಇರಲಿಲ್ಲ. ಲೀನಾ ತೆಹ್ ತಾರಿಕ್ ಚಹಾ ಮಾತ್ರ ಕುಡಿದಳು. ಎರಡು ಪೊಟ್ಟಣ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ ಅವಳ ಚೀಲಕ್ಕೆ ತುರುಕಿದೆ. ಅವಳ ಚೀಲದೊಳಗೆ ಮೇಣದಬತ್ತಿಯ ಕಟ್ಟು ಕಾಣಿಸಿತು, ಮತ್ತೇನೂ ಇರಲಿಲ್ಲ. ಮನೆ ಖಾಲಿ ಮಾಡಲು ಹೊರಟವಳು ಒಂದು ಖಾಲಿ ಡಬ್ಬವನ್ನೂ ತಂದಿರಲಿಲ್ಲ. ನಾನೋ, ಹಗ್ಗ, ಟೇಪು, ಹತ್ತು ರಟ್ಟಿನ ಪೆಟ್ಟಿಗೆ, ಗುಳ್ಳೆ ಪ್ಲಾಸ್ಟಿಕ್ಕಿನ ಒಂದು ಸುರುಳಿ ಹಾಕಿಕೊಂಡು ಬಂದಿದ್ದೆ.

"ಆ ಗೊಂಬಿ ಎಷ್ಟು ದೊಡ್ಡದದ?" ಎಂದು ಕೇಳಿದೆ.

"ಗೊಂಬೆ ಅಲ್ಲ ಸುಮಕ್ಕ, ಹಾಥೋರ್. ಮುಖ ಮಾತ್ರ. ಎರಡೂವರೆ ಅಡಿ ಇರ್ಬಹುದು."

ಹಾಥೋರಳ ವಿಷಯ ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ. ವಿಲ್ಲಿ ಡಾಕ್ಟರು ಮೊದಲು ಕುವೈತಿನಲ್ಲಿದ್ದರು. ಅಲ್ಲಿಂದ ಒಮ್ಮೆ ಹತ್ತು ದಿನದ ರಜೆಯಲ್ಲಿ ಈಜಿಪ್ಟಿಗೆ ಹೋಗಿ ದೆಂದೆರಾ ಎಂಬ ಊರಿನ ಹಾಥೋರ್ ದೇವಿಯ ಗುಡಿ ನೋಡಿ ಬಂದವರು ಜನ್ಮವಿಡೀ ಅದನ್ನೇ ಹಚ್ಚಿಕೊಂಡರು. ಅವರ ತಂದೆ ಮಂಗಳೂರಿನ ಕಡೆಯ ಇಗರ್ಜಿಗಳಲ್ಲಿ ಸಂತರ ಪ್ರತಿಮೆಗಳಿಗೆ ಬಣ್ಣ ಹಚ್ಚುತ್ತಿದ್ದವರಂತೆ, ಮಗನ ಕೈಗೂ ಆ ಗುಣ ಬಂದಿತ್ತು. ಹಲ್ಲಿನ ಅಚ್ಚು ತೆಗೆಯುವ ಪ್ಲಾಸ್ಟರ್ ಹಳತಾದರೆ ಹಲ್ಲಿಗೆ ಬರುವುದಿಲ್ಲ. ಕಾಲೇಜು ಹೊರಗೆ ಹಾಕುವ ಆ ಚೀಲಗಳನ್ನು ಕೇಳಿ ಪಡೆದು ತೈಪಿಂಗಿನ ಮನೆಯ ಹಿಂದಿನ ಕೋಣೆಯಲ್ಲಿ ದೇವಿಯನ್ನು ಕಟ್ಟತೊಡಗಿದ್ದರು. ಹೆಂಗಸಿನ ಮುಖ, ಎರಡೂ ಪಕ್ಕಕ್ಕೆ ಹಸುವಿನ ಕಿವಿ. ಹಾಡು, ಕುಣಿತ, ಹೆರಿಗೆ, ಪ್ರೀತಿ ಎಲ್ಲದಕ್ಕೂ ಅವಳೇ. ಸತ್ತವರನ್ನು ಪಡುವಣದಲ್ಲಿ ಬರಮಾಡಿಕೊಳ್ಳುವವಳೂ ಅವಳೇ.

ಭಾನುವಾರದ ಊಟಕ್ಕೆ ಸೇರಿದಾಗಲೆಲ್ಲ ಅವರ ಪಾಠ ನಡೆಯುತ್ತಿತ್ತು. ದೆಂದೆರಾದ ಒಳಗುಡಿಗೆ ಪೂಜಾರಿ ಬಿಟ್ಟು ಯಾರಿಗೂ ಪ್ರವೇಶವಿಲ್ಲ. ನಸುಕಿನಲ್ಲಿ ಅವನು ಮಿಂದು ಬಂದು, ಬಾಗಿಲಿಗೆ ಬಿಗಿದ ದಾರದ ಮೇಲಿನ ಜೇಡಿಮಣ್ಣಿನ ಮುದ್ರೆ ಒಡೆಯುತ್ತಾನೆ. ದೇವಿಯನ್ನು ಎಬ್ಬಿಸಿ, ಹಳೆಯ ಬಟ್ಟೆ ಬಿಚ್ಚಿ ಹೊಸದು ಉಡಿಸಿ, ಎಣ್ಣೆ ಹಚ್ಚಿ, ಧೂಪ ಹಾಕಿ, ಉಣ್ಣಲಿಟ್ಟು, ಆಮೇಲೆ ಪೊರಕೆ ತೆಗೆದುಕೊಂಡು ಹಿಂದೆ ಹಿಂದೆ ನಡೆಯುತ್ತ ತನ್ನ ಹೆಜ್ಜೆಯ ಗುರುತುಗಳನ್ನು ತಾನೇ ಗುಡಿಸುತ್ತ ಹೊರಗೆ ಬರುತ್ತಾನೆ. ಬಾಗಿಲು ಮುಚ್ಚಿ, ಮತ್ತೆ ದಾರ ಕಟ್ಟಿ, ಮತ್ತೆ ಮುದ್ರೆ ಒತ್ತುತ್ತಾನೆ. ಮರುದಿನ ಮತ್ತೆ ಅದೇ.

ನಾನು ಧಾರವಾಡದ ಕಡೆಯವಳು, ಲಿಂಗ ಕಟ್ಟಿಕೊಂಡ ಮನೆತನ. ನಮ್ಮ ದೇವರು ನಮ್ಮ ಅಂಗೈಯಲ್ಲೇ ಕೂಡುತ್ತಾನೆ. "ಬಾಗಲಾ ಹಾಕ್ಕೊಂಡು ಕೂಡೋ ದೇವರು ಯಾತರ ದೇವರ್ರೀ ಡಾಕ್ಟ್ರೆ? ಹೊರಗಿನ ಮಂದಿ ಏನು ಮಾಡ್ಬೇಕು?" ಎಂದು ಒಮ್ಮೆ ಅವರನ್ನು ಕೆಣಕಿದ್ದೆ. ಅವರು ಕೋಪಿಸಿಕೊಳ್ಳುವವರಲ್ಲ. "ಹೊರಗಿನವರಿಗೆ ಹಿಂದಿನ ಗೋಡೆ ಉಂಟಲ್ಲ ಅಕ್ಕ" ಅಂದಿದ್ದರು. ಗರ್ಭಗುಡಿಯ ಸರಿಯಾಗಿ ಹಿಂದೆ, ಹೊರಗೋಡೆಯ ಮೇಲೆ, ದೇವಿಯ ದೊಡ್ಡ ಮುಖ ಕೆತ್ತಿದ್ದಾರಂತೆ. ಒಳಗೆ ಬಿಡದ ಜನ ಅಲ್ಲಿ ನಿಂತು ಆ ಕಿವಿಗಳಿಗೆ ಹೇಳಿಕೊಳ್ಳುತ್ತಿದ್ದರಂತೆ. ಹೋಗುವಾಗ ಗೋಡೆಯ ಕಲ್ಲನ್ನು ಚೂರು ಕೆರೆದು ಪುಡಿ ಒಯ್ಯುತ್ತಿದ್ದರಂತೆ, ಆ ಮುಖ ಈಗ ಸವೆದುಹೋಗಿದೆಯಂತೆ. ಅವರು ಕಟ್ಟುತ್ತಿದ್ದದ್ದು ಆ ಹೊರಗಿನ ಮುಖವನ್ನೇ. ನಾನು ಅಂದು ಇನ್ನೊಂದು ಸಂಡಿಗೆ ತಿಂದು ವಿಷಯ ಬದಲಿಸಿದ್ದೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಇಪೋ ಹತ್ತಿರ ಸುಣ್ಣಕಲ್ಲಿನ ಬೆಟ್ಟಗಳು ರಸ್ತೆಯ ಎರಡೂ ಬದಿಗೆ ಎದ್ದು ನಿಂತಿದ್ದವು. ಅರ್ಧ ಕಡಿದ ಬೆಟ್ಟಗಳ ಬಿಳಿ ಹೊಟ್ಟೆ ಕಾಣುತ್ತಿತ್ತು. ಲೀನಾ ತಾನಾಗಿಯೇ ಮಾತಾಡಿದಳು. ಹಾಥೋರ್ ಪಡುವಣದ ಬೆಟ್ಟದೊಳಗಿನಿಂದ ಹಸುವಿನ ತಲೆ ಹೊರಗೆ ಚಾಚಿ ಸತ್ತವರನ್ನು ನೋಡುವ ಒಂದು ಚಿತ್ರ ವಿಲ್ಲಿಯ ಪುಸ್ತಕದಲ್ಲಿತ್ತಂತೆ. ರೈಲಿನಲ್ಲಿ ಇಲ್ಲಿ ಹಾದುಹೋಗುವಾಗಲೆಲ್ಲ, ಯಾವ ಬೆಟ್ಟದಿಂದ ತಲೆ ಹಾಕುತ್ತಾಳೆ ನೋಡುವ ಎಂದು ತಮಾಷೆ ಮಾಡುತ್ತಿದ್ದರಂತೆ. ಮುಂದೆ ಮೆನೋರಾ ಸುರಂಗ ಬಂತು. ಸುರಂಗದ ಹಳದಿ ಬೆಳಕಿನಲ್ಲಿ ಅವಳು ಕಣ್ಣೊರೆಸಿಕೊಂಡದ್ದು ಕಂಡೂ ಕಾಣದವಳಂತೆ ನಾನು ಗೇರು ಬದಲಿಸಿದೆ.

ಸುಂಗೈ ಪೆರಾಕ್ ನಿಲ್ದಾಣದಲ್ಲಿ ಮತ್ತೆ ನಿಂತೆವು, ಹತ್ತಕ್ಕೆ ಐದು ನಿಮಿಷವಿತ್ತು. ಮೋಡ ಕವಿದು ಸೆಖೆ ಹೆಚ್ಚಾಗಿತ್ತು. ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಕೂತು, ಹಲಸಿನ ಜಾತಿಯ ಚೆಂಪೆಡಾಕ್ ಹಣ್ಣಿನ ತೊಳೆ ಕರಿದದ್ದನ್ನು ತಿನ್ನುತ್ತಿದ್ದೆವು. ನನ್ನ ಪಟ್ಟಿಯ ಪ್ರಕಾರ ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆದಿತ್ತು. ಸಮಾಧಾನದಿಂದ, "ಮನಿ ಕೆಲಸ ಅಂತ ಏನೂ ಹಚ್ಕೋಬ್ಯಾಡ. ಪೆಟ್ಟಿಗಿ ಕಟ್ಟಿ ಸಂಜಿ ಮುಂದ ಹೊರಟುಬಿಡೋಣು" ಅಂದೆ.

"ನಂಗೆ ಪೆಟ್ಟಿಗೆಯೆಲ್ಲ ಬೇಡ ಸುಮಕ್ಕ. ನಾನು ಬಂದದ್ದು ಒಂದೇ ಕೆಲಸಕ್ಕೆ" ಅಂದಳು ಲೀನಾ. "ಆಸ್ಪತ್ರೆಗೆ ಹೋಗುವ ದಿನ ಬೆಳಿಗ್ಗೆ ವಿಲ್ಲಿ ವಿಡಿಯೋ ಕಾಲ್ ಮಾಡಿದ್ರು. ಜ್ವರದಲ್ಲೂ ದೇವಿಯ ಎಡಕಿವಿ ಉಜ್ಜುತ್ತಾ ಕೂತಿದ್ರು. ನೆಲ ಎಲ್ಲ ಪ್ಲಾಸ್ಟರ್ ಪುಡಿ. ಪ್ರತಿ ದಿನ ಕೆಲಸ ಮುಗಿದ ಮೇಲೆ ಹಿಂದೆ ಹಿಂದೆ ಬಂದು ಅವ್ರ ಹೆಜ್ಜೆ ಅವ್ರೇ ಗುಡಿಸಿ, ಬಾಗಿಲು ಕಟ್ಟಿ ಬರ್ತಿದ್ರು. ಆಟ ಅಂತ ಶುರು ಮಾಡಿದ್ದು, ಅಭ್ಯಾಸ ಆಗಿತ್ತು. ಅವತ್ತು ಮಾತ್ರ ಬಗ್ಗಲಿಕ್ಕೆ ಆಗ್ಲಿಲ್ಲ, ಉಸಿರು ಸಿಗ್ತಿರ್ಲಿಲ್ಲ. 'ಗುಡಿಸ್ಲಿಲ್ಲ ಲೀನಾ, ವಾಪಸ್ ಬಂದು ಗುಡಿಸ್ತೇನೆ' ಅಂದ್ರು. ನನ್ನ ಹತ್ರ ಹೇಳಿದ ಕೊನೇ ಮಾತು ಅದೇ. ಆಮೇಲೆ ನಾನು ಅವ್ರ ಸ್ವರ ಕೇಳ್ಲಿಲ್ಲ."

ನಾನು ಹಣ್ಣಿನ ಪೊಟ್ಟಣ ಬೆಂಚಿನ ಮೇಲಿಟ್ಟೆ.

"ಮುಖ ನೋಡ್ಲಿಲ್ಲ, ಮಣ್ಣು ಹಾಕ್ಲಿಲ್ಲ, ಒಂದು ಬಟ್ಟೆ ಸಹ ಹಾಕಿ ಕಳಿಸ್ಲಿಲ್ಲ ನಾನು" ಅಂದಳು. "ಅವ್ರ ಹೆಜ್ಜೆ ಅಲ್ಲಿ ಹಾಗೇ ಉಂಟು. ಅದನ್ನು ನಾನು ಗುಡಿಸ್ಬೇಕು. ಅವ್ರು ಬಿಟ್ಟು ಹೋದ ಕೆಲಸ ಅದೊಂದೇ. ಅಷ್ಟಾದ್ರೂ ನನ್ನ ಕೈಯಲ್ಲಿ ಆಗ್ಲಿ ಅಂತ."

ಹಿಂದಿನ ಸಂಜೆಯ ಇಪ್ಪತ್ತು ಫೋನುಗಳಲ್ಲಿ ಒಂದು, ತೈಪಿಂಗಿನ ಮನೆ ಮಾಲೀಕರಾದ ತಾನ್ ಅಂಕಲ್‌ಗೆ ಮಾಡಿದ್ದು. ಮುಚ್ಚಿದ ಮನೆಯ ಧೂಳು, ಜೇಡರ ಬಲೆ, ಕೊಳೆತ ಫ್ರಿಜ್ಜು ನೋಡಿ ಲೀನಾ ಕುಸಿದುಬಿಡುತ್ತಾಳೆಂದು, ಅವಳಿಗೆ ಹೇಳದೆ, ನಾವು ಬರುವ ಮುಂಚೆ ಮನೆಯನ್ನೆಲ್ಲ ಗುಡಿಸಿ ಒರೆಸಿಡಲು ಒಬ್ಬ ಹೆಂಗಸನ್ನು ಗೊತ್ತುಮಾಡಿಸಿದ್ದೆ. ಒಂಬತ್ತೂವರೆಗೆ ಬರಲು ಹೇಳಿದ್ದೆ. "ಹಿಂದಿನ ಕೋಣೆಯನ್ನೂ ಬಿಡಬೇಡಿ, ಅಲ್ಲೇ ಪ್ಲಾಸ್ಟರ್ ಧೂಳು ಜಾಸ್ತಿ" ಎಂದು ಒತ್ತಿ ಒತ್ತಿ ಹೇಳಿದ್ದೂ ನಾನೇ.

ಟಾಯ್ಲೆಟ್ಟಿಗೆಂದು ಎದ್ದು ಹೋಗಿ ತಾನ್ ಅಂಕಲ್‌ಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮೂರು ಸಲ ಮಾಡಿದೆ. ಮೆಸೇಜು ಕಳಿಸಿದೆ, ನೋಡಲಿಲ್ಲ. ಆ ಹೆಂಗಸಿನ ನಂಬರು ನನ್ನ ಬಳಿ ಇರಲಿಲ್ಲ. ಹದಿನೆಂಟು ವರ್ಷದಲ್ಲಿ ಒಂದು ಕಂಟೇನರನ್ನೂ ಹಾಗೆ ನಂಬರಿಲ್ಲದೆ ಬಿಟ್ಟವಳಲ್ಲ ನಾನು. ತಣ್ಣೀರಿನಲ್ಲಿ ಮುಖ ತೊಳೆದು ಬಂದು, "ನಡಿ, ಹೋಗೋಣು" ಅಂದೆ.

ತೈಪಿಂಗಿಗೆ ಇನ್ನು ನಲವತ್ತು ಕಿಲೋಮೀಟರು. ಹೇಳಲೋ ಬೇಡವೋ ಎಂದು ಹತ್ತು ಕಿಲೋಮೀಟರು ಒದ್ದಾಡಿದೆ. ಹೇಳದಿದ್ದರೆ ಬಾಗಿಲು ತೆಗೆದಾಗ ತಿಳಿದೇ ತಿಳಿಯುತ್ತದೆ. ಎಡಗಡೆಯ ಲೇನಿಗೆ ಬಂದು ವೇಗ ಕಡಿಮೆ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. "ತಪ್ಪಾತವಾ. ನಿನಗ ತ್ರಾಸ ಆಗಬಾರದು ಅಂತ ಮಾಡ್ದೆ."

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ರಸ್ತೆಯನ್ನೇ ನೋಡುತ್ತಿದ್ದಳು. "ಒಂದು ಸಲ ನನ್ನ ಹತ್ರ ಕೇಳ್ಬಹುದಿತ್ತಲ್ಲ ಸುಮಕ್ಕ" ಅಂದಳು. "ಎಲ್ಲರೂ ನಂಗೆ ಕಷ್ಟ ಆಗ್ಬಾರದು ಅಂತ ಎಲ್ಲ ಮಾಡಿ ಮುಗಿಸ್ತಾರೆ. ಹೂಳುದು ಸಹ ಹಾಗೇ ಮುಗಿಸಿದ್ರು."

ಒಳ್ಳೆಯದು ಮಾಡುವ ಅವಸರದಲ್ಲಿ ನಾನು ಅವಳ ಗಂಡನನ್ನು ಎರಡನೆಯ ಸಲ ಹೂಳಿಸಿದ್ದೆ. ಚಂಗ್‌ಕತ್ ಜೆರಿಂಗ್ ಟೋಲಿನಲ್ಲಿ ಕಾರ್ಡು ತಾಗಿಸಲು ಹೋಗಿ ಕೆಳಗೆ ಬೀಳಿಸಿದೆ. ಹಿಂದಿನ ಕಾರಿನವನು ಹಾರ್ನ್ ಹೊಡೆದ.

ಮನೆ ಊರಿನ ಹಳೆಯ ಭಾಗದಲ್ಲಿತ್ತು, ಒಂದಕ್ಕೊಂದು ಅಂಟಿದ ಸಾಲುಮನೆಗಳಲ್ಲಿ ಕೊನೆಯದು. ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಮುಂಬಾಗಿಲು ತೆರೆದೇ ಇತ್ತು. ಮೆಟ್ಟಿಲು ಒದ್ದೆಯಾಗಿತ್ತು. ಒಳಗಿನಿಂದ ಫಿನಾಯಿಲ್ ವಾಸನೆ ರಪ್ಪೆಂದು ಬಡಿಯಿತು. ಹಾಲ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಲೀನಾ ಬಾಗಿಲಲ್ಲೇ ಗೋಡೆ ಹಿಡಿದು ನಿಂತುಬಿಟ್ಟಳು. ನಾನು ಬೂಟು ಕಳಚುವ ಗೋಜಿಗೂ ಹೋಗದೆ ಒಳಗೆ ನಡೆದೆ.

ಅಡುಗೆಮನೆಯಲ್ಲಿ ಅರವತ್ತರ ಸುಮಾರಿನ ಹೆಂಗಸು ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತಿದ್ದರು. ಹೆಸರು ಲೆಟ್ಚುಮಿ. ಅವರ ಮಾತು ತಮಿಳು. ಬ್ರಿಕ್‌ಫೀಲ್ಡ್ಸಿನ ತರಕಾರಿ ಅಂಗಡಿಗಳಲ್ಲಿ ಕಲಿತ ನನ್ನ ಹರುಕು ತಮಿಳಿನಲ್ಲಿ, ಹಿಂದಿನ ಕೋಣೆ ಗುಡಿಸಿ ಆಯಿತೇ ಎಂದು ಕೇಳಿದೆ.

"ಇಲ್ಲಮ್ಮಾ" ಅಂದರು. "ಮನೆ ಮುದಲಾಳಿ ಬೈದರೆ ಬೈಯಲಿ. ಆ ಬಾಗಿಲು ನಾನು ಮುಟ್ಟಿಲ್ಲ. ಅದು ಸಾಮಿ ರೂಮು."

ಅವರ ಹಿಂದೆ ಹೋದೆ. ಹಿಂದಿನ ಕೋಣೆಗೆ ಹಳೆಯ ಕಾಲದ ಜೋಡಿ ಬಾಗಿಲು. ಎರಡೂ ಕದಗಳ ಹಿಡಿಕೆಗಳಿಗೆ ಬಿಳಿ ದಾರ ಸುತ್ತಿ ಗಂಟು ಹಾಕಿತ್ತು. ಗಂಟಿನ ಮೇಲೆ ಲಿಂಬೆಹಣ್ಣಿನಷ್ಟು ಪ್ಲಾಸ್ಟರ್ ಮೆತ್ತಿತ್ತು. ಅದರ ನಡುವೆ ಒತ್ತಿದ ಹೆಬ್ಬೆರಳಿನ ಗುರುತು, ಗೆರೆ ಗೆರೆ ಕಾಣುವಷ್ಟು ಸ್ಪಷ್ಟವಾಗಿ. ನೆಲ ಗುಡಿಸಲಾಗದವರು ಬಾಗಿಲನ್ನು ಮಾತ್ರ ಕಟ್ಟದೆ ಬಿಟ್ಟಿರಲಿಲ್ಲ.

"ಬೀಗ ಹಾಕಿದ್ದರೆ ಕೀಲಿ ಕೇಳಿ ತೆಗೆಯುತ್ತಿದ್ದೆ" ಅಂದರು ಲೆಟ್ಚುಮಿ. "ದಾರ ಕಟ್ಟಿ ಬೆರಳು ಒತ್ತಿದ್ದಾರೆ ಅಂದರೆ ಏನೋ ಹೇಳಿಕೊಂಡು ಕಟ್ಟಿದ್ದಾರೆ. ಕಟ್ಟಿದವರ ಮನೆಯವರೇ ಬಿಚ್ಚಬೇಕು, ಕೂಲಿಯವರು ಬಿಚ್ಚಬಾರದು."

ನಾನು ಆ ಒದ್ದೆ ನೆಲದ ಮೇಲೆ ಕೂತುಬಿಟ್ಟೆ. ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ. ಆಮೇಲೆ, "ಲೀನಾ, ಬಾರವಾ, ಅದ! ಹಂಗೇ ಅದ!" ಎಂದು ಕೂಗಿದೆ.

ಲೀನಾ ಬಂದು ಮೊದಲು ಆ ಹೆಬ್ಬೆರಳಿನ ಗುರುತಿನೊಳಗೆ ತನ್ನ ಹೆಬ್ಬೆರಳು ಇಟ್ಟು ನೋಡಿದಳು. ಅವಳದು ಸಣ್ಣದು, ಸುತ್ತ ಜಾಗ ಉಳಿಯಿತು. ಕತ್ತರಿ ಬೇಕೇ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಕಚ್ಚಿಕೊಂಡೆ. ಅವಳೇ ಬಹಳ ಹೊತ್ತು ಕೂತು ದಾರದ ಸುತ್ತುಗಳನ್ನು ಸಡಿಲಿಸಿ, ಮುದ್ರೆ ಒಡೆಯದಂತೆ ಹಿಡಿಕೆಗಳಿಂದ ಜಾರಿಸಿ ತೆಗೆದಳು. "ಪೂಜಾರಿ ಒಡೀಬೇಕು. ನಂಗೆ ಆಗುದಿಲ್ಲ" ಎಂದು ಅದನ್ನು ಕರವಸ್ತ್ರದಲ್ಲಿ ಸುತ್ತಿದಳು.

ಬಾಗಿಲು ತೆರೆದಾಗ ಹಸಿ ಸುಣ್ಣದ ವಾಸನೆ ಬಂತು. ಕೋಣೆಯ ಆ ತುದಿಯಲ್ಲಿ, ಮುಚ್ಚಿದ ಕಿಟಕಿಯ ಕೆಳಗೆ, ಗೋಡೆಗೆ ಆನಿಸಿ ದೇವಿಯ ಮುಖವಿತ್ತು. ಅಗಲ ಕೆನ್ನೆ, ಕಾಡಿಗೆ ಹಚ್ಚಿದಂಥ ನೀಳ ಕಣ್ಣು, ಬಲಗಡೆ ನುಣ್ಣಗಿನ ಹಸುಗಿವಿ, ಎಡಗಿವಿ ಇನ್ನೂ ಒರಟು. ಹೊರಗಿನಿಂದ ಬಂದವರನ್ನೇ ನೋಡುತ್ತಿದ್ದಳು. ಅಲ್ಲಿಂದ ಬಾಗಿಲವರೆಗೆ ನೆಲವೆಲ್ಲ ಬಿಳಿ. ಆ ಬಿಳಿಯಲ್ಲಿ ರಬ್ಬರ್ ಚಪ್ಪಲಿಯ ಹೆಜ್ಜೆಗಳು. ಒಳಗೆ ಹೋದವು ಬಿಡಿಬಿಡಿಯಾಗಿ ನೇರವಾಗಿದ್ದವು. ಹೊರಗೆ ಬಂದವು ಹತ್ತಿರ ಹತ್ತಿರ, ಎಡಗಾಲು ಎಳೆದ ಗೆರೆ. ನಡುವೆ ಒಂದು ಕಡೆ ಎರಡೂ ಪಾದ ಜೋಡಿಸಿ ನಿಂತಿದ್ದರು. ಅಲ್ಲಿ ಉಸಿರು ತೆಗೆದುಕೊಂಡಿರಬೇಕು.

ಲೆಟ್ಚುಮಿ ಹಿತ್ತಲಿನಿಂದ ತೆಂಗಿನ ಕಡ್ಡಿಯ ಪೊರಕೆ ತಂದು ಕೊಟ್ಟರು. "ಹಿಡಿಸೂಡಿ" ಎಂದು ತನ್ನೂರ ಹೆಸರಿನಲ್ಲೇ ಕರೆದು ಲೀನಾ ಅದನ್ನು ಎದೆಗೆ ಹಿಡಿದುಕೊಂಡಳು. ಗೋಡೆಯ ಪಕ್ಕಕ್ಕೆ ಸರಿದು, ಒಂದು ಹೆಜ್ಜೆಯನ್ನೂ ತುಳಿಯದೆ ದೇವಿಯ ತನಕ ಹೋದಳು. ಮೇಣದಬತ್ತಿ ಹಚ್ಚಿ, ಕೊಂಕಣಿಯಲ್ಲಿ ತಮ್ಮ ಪ್ರಾರ್ಥನೆ ಹೇಳಿದಳು. ಆಮೇಲೆ ಹಿಂದೆ ಹಿಂದೆ ಬರುತ್ತ ಗುಡಿಸತೊಡಗಿದಳು. ನಾಲ್ಕು ತಿಂಗಳ ತೇವ ಹೀರಿ ಪುಡಿ ಅಲ್ಲಲ್ಲಿ ಗಟ್ಟಿಯಾಗಿತ್ತು, ಒಂದೊಂದು ಹೆಜ್ಜೆಗೂ ಐದಾರು ಸಲ ಎಳೆಯಬೇಕಾಗುತ್ತಿತ್ತು. ನಾನು ಹೊರಗೆ ನಿಂತಿದ್ದೆ. ಸಹಾಯ ಮಾಡಲಾ ಎಂದು ಕೇಳದೆ ನಿಂತದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಹೊಸ್ತಿಲ ಒಳಗಿನ ಕೊನೆಯ ಜೋಡಿ ಹೆಜ್ಜೆಗೆ ಬಂದಾಗ ಅವಳ ಕೈ ನಿಂತಿತು. "ಇದೊಂದು ಇರ್ಲಿ ಅನ್ನಿಸ್ತದೆ ಸುಮಕ್ಕ" ಅಂದಳು, ತಿರುಗಿ ನೋಡದೆ.

ಎಲ್ಲರಿಗೂ ಎಲ್ಲದಕ್ಕೂ ಹೀಗೆ ಮಾಡು ಹಾಗೆ ಮಾಡು ಎನ್ನುವ ನಾನು ಬಾಯಿ ತೆರೆಯಲಿಲ್ಲ. ಹೊರಗೆ ಯಾರದೋ ಮೋಟರ್ ಸೈಕಲ್ಲು ಹೋಯಿತು. ಲೆಟ್ಚುಮಿ ಸೆರಗಿನಿಂದ ಮೂಗು ಒರೆಸಿಕೊಂಡರು. ಲೀನಾ ಬಗ್ಗಿ, ಪೊರಕೆ ಬಿಟ್ಟು, ಅಂಗೈಯಿಂದ ಆ ಎರಡನ್ನೂ ಮೆಲ್ಲಗೆ ಒರೆಸಿದಳು. "ಗುಡಿಸಿ ಆಯ್ತು ವಿಲ್ಲಿ" ಎಂದು ಹೊಸ್ತಿಲು ದಾಟಿ ಹೊರಗೆ ಬಂದಳು.

ಆಮೇಲೆ ತಾನ್ ಅಂಕಲ್ ಬಂದರು. ಮಾರ್ಕೆಟ್ಟಿಗೆ ಹೋಗುವಾಗ ಫೋನು ಮನೆಯಲ್ಲೇ ಚಾರ್ಜಿಗಿಟ್ಟು ಮರೆತಿದ್ದರಂತೆ. "ಸಾರಿ ಲಾ, ಸೋ ಮೆನಿ ಕಾಲ್ಸ್!" ಎಂದು ನನ್ನನ್ನು ನೋಡಿ ಗಾಬರಿಯಾದರು. ನಾವಿಬ್ಬರೂ ಲೆಟ್ಚುಮಿಯೂ ಸೇರಿ ತಪಾವ್ ಪೊಟ್ಟಣಗಳನ್ನು ಬಿಚ್ಚಿದೆವು. ಲೀನಾ ಆ ದಿನ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡಳು. ಪೆಟ್ಟಿಗೆ ಕಟ್ಟುವುದು ಎರಡೇ ಗಂಟೆಯಲ್ಲಿ ಮುಗಿಯಿತು. ಪುಸ್ತಕ, ನಾಲ್ಕು ಅಂಗಿ, ಉಳಿ ಸುತ್ತಿಗೆ. ಪಾತ್ರೆಗಳನ್ನು ಲೆಟ್ಚುಮಿಗೆ ಕೊಟ್ಟೆವು. ಕೊಡುವ ಮುಂಚೆ ಲೀನಾಳನ್ನು ಕೇಳಿದೆ.

ಹೊರಡುವ ಮುಂಚೆ ಸಿಮೆಟರಿಗೆ ಹೋದೆವು. ಮೋಡವಿದ್ದರೂ ಮಳೆ ಬಂದಿರಲಿಲ್ಲ. ಹೊಸ ಗೋರಿಗಳ ಸಾಲಿನಲ್ಲಿ ವಿಲ್ಲಿಯ ಹೆಸರಿನ ಮರದ ಶಿಲುಬೆ ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಲೀನಾ ಉಳಿದ ಮೇಣದಬತ್ತಿಗಳನ್ನು ಹಚ್ಚಿದಳು. "ಇಲ್ಲಿಗೆ ಅವ್ರು ನಡ್ಕೊಂಡು ಬಂದದ್ದಲ್ಲ, ಅದಕ್ಕೆ ನಂಗೆ ಇಲ್ಲಿ ಏನೂ ಅನ್ನಿಸುದಿಲ್ಲ" ಅಂದಳು. ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ಬರುವಾಗ ಕಾಂಪೌಂಡ್ ಗೋಡೆಯ ಪಕ್ಕ ಒಂದು ಮಲಾಯ್ ಕುಟುಂಬ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು ಮೇಲಿನ ಕಿಟಕಿಗಳನ್ನು ನೋಡುತ್ತಿತ್ತು. ಒಳಗೆ ಪ್ರವೇಶವಿಲ್ಲದವರು. ಹೊರಗಿನ ಮಂದಿ ಏನು ಮಾಡಬೇಕು ಎಂದು ನಾನು ಅಂದು ಕೇಳಿದ್ದಕ್ಕೆ ಡಾಕ್ಟರು ಕೊಟ್ಟ ಉತ್ತರ ಆಗ ನನಗೆ ತಿಳಿಯಿತು. ಕೇಳಿಸಿಕೊಳ್ಳುವ ಎರಡು ಕಿವಿ ಆ ಗೋಡೆಯ ಮೇಲೂ ಇರಬಾರದಿತ್ತೇ ಅನ್ನಿಸಿತು.

ಹಾಥೋರಳನ್ನು ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕಣ್ಣು ಮೂಗು ಮಾತ್ರ ಕಾಣುವಂತೆ ಬಿಟ್ಟು, ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದ್ದೆವು. ಇಪೋ ಹತ್ತಿರ ಪೆಟ್ರೋಲು ಹಾಕಿಸುವಾಗ ಪಂಪಿನವನು ಒಳಗೆ ಇಣುಕಿ "ಸಿಯಾಪಾ ನಿ?" ಎಂದು ಕೇಳಿದ, ಯಾರಿವರು ಎಂದು. "ಕವಾನ್ ಸುವಾಮಿ ಸಾಯಾ" ಅಂದಳು ಲೀನಾ, ನನ್ನ ಗಂಡನ ಗೆಳತಿ. ಅವನು ಗಂಭೀರವಾಗಿ ತಲೆ ಬಾಗಿಸಿದ. ನಾವಿಬ್ಬರೂ ಮುಂದಿನ ತಿರುವಿನವರೆಗೂ ನಗುತ್ತಿದ್ದೆವು. ಮಾಂಟ್ ಕಿಯಾರಾ ತಲುಪಿದಾಗ ಎಂಟು ಗಂಟೆ. ಎಡಗಿವಿಯನ್ನು ಹಾಗೇ ಒರಟಾಗಿ ಬಿಡುವೆನೆಂದು ಅವಳು ಹೇಳಿದಳು.

ಪ್ರತಿ ಭಾನುವಾರ ಬೆಳಿಗ್ಗೆ ನಾನು ಕಾರು ತೊಳೆಯುತ್ತೇನೆ, ಮ್ಯಾಟುಗಳನ್ನು ಗೋಡೆಗೆ ಬಡಿದು ಕೊಡವುತ್ತೇನೆ. ಮರುದಿನ ಬೆಳಿಗ್ಗೆಯೂ ಬಕೆಟ್ಟು ಹಿಡಿದುಕೊಂಡು ಎಡಗಡೆಯ ಬಾಗಿಲು ತೆಗೆದೆ. ಲೀನಾ ಕಾಲಿಟ್ಟುಕೊಂಡಿದ್ದ ಕಪ್ಪು ಮ್ಯಾಟಿನ ಮೇಲೆ ಅವಳ ಬೂಟಿನ ಎರಡು ಗುರುತು ಬೆಳ್ಳಗೆ ಮೂಡಿದ್ದವು, ವಿಲ್ಲಿ ಡಾಕ್ಟರು ಉಜ್ಜಿ ಉದುರಿಸಿದ ಪುಡಿಯದೇ. ಲೀನಾಗೆ ಫೋನು ಮಾಡಿ, ಏನು ಮಾಡಲಿ ಎಂದು ಕೇಳಿದೆ. "ಇರ್ಲಿ ಸುಮಕ್ಕ, ಅದು ನನ್ನ ಹೆಜ್ಜೆ ಅಲ್ವಾ, ನಾನೇ ಬಂದು ಗುಡಿಸ್ತೇನೆ" ಅಂದಳು. ಇವತ್ತಿಗೂ ಆ ಮ್ಯಾಟನ್ನು ನಾನು ಕೊಡವಿಲ್ಲ.